ಎರಡು ದಿನ ನೀರು ಮುಟ್ಟದವರು

ಮೊದಲ ದಿನ ಮಧ್ಯಾಹ್ನ ಯಜಮಾನರು ಮುದ್ದೆ ಮುಟ್ಟಲಿಲ್ಲ. ಹೊಸದಾಗಿ ಬಂದವರು ಒಂದು ಹೊತ್ತು ಬಿಡುವುದು ಜೈಲಿನಲ್ಲಿ ದೊಡ್ಡ ಸಂಗತಿಯಲ್ಲ. ಕೆಲವರಿಗೆ ಅಳು, ಕೆಲವರಿಗೆ ಅವಮಾನ, ಕೆಲವರಿಗೆ ಮನೆಯ ಚಿಂತೆ. ಸಂಜೆಯ ಹೊತ್ತಿಗೆ ಹೊಟ್ಟೆಯೇ ಗೆಲ್ಲುತ್ತದೆ. ಇವರ ತಟ್ಟೆ ಮಾತ್ರ ಸಂಜೆಯೂ ಇಟ್ಟ ಜಾಗದಲ್ಲೇ ಇತ್ತು. ಮುದ್ದೆ ಒಣಗಿ ಬಿರುಕು ಬಿಟ್ಟಿತ್ತು. ಪಕ್ಕದ ಲೋಟದ ನೀರೂ ಹಾಗೇ ಇತ್ತು. ಅದನ್ನು ಮಾತ್ರ ನಾನು ಗಮನಿಸಲಿಲ್ಲ.

ಎಂಬತ್ತರ ದಶಕದ ಕೊನೆಯ ಮಾತು ಇದು. ಕೊಳ್ಳೇಗಾಲದ ಸೀಮೆಯಲ್ಲಿ ಆಗ ಇದ್ದ, ಈಗಿಲ್ಲದ ಒಂದು ಪುಟ್ಟ ಜೈಲಿನಲ್ಲಿ ನಾನು ವಾರ್ಡರ್. ನಾಲ್ಕು ಕೋಣೆ, ಒಂದು ಅಡುಗೆಮನೆ, ಅಂಗಳದಲ್ಲೊಂದು ಕೊಳಾಯಿ. ಆ ವಾರ ಜೈಲರ್ ಸಾಹೇಬರು ರಜೆ ಹಾಕಿ ಮೈಸೂರಿಗೆ ಹೋಗಿದ್ದರು. ಬೀಗದ ಕೈ ಗೊಂಚಲು ನನ್ನ ಸೊಂಟದಲ್ಲಿತ್ತು, ಅದರ ಜೊತೆಗೇ ಒಂದಿಷ್ಟು ದರ್ಪವೂ ಇತ್ತು ಎಂದು ಒಪ್ಪಿಕೊಳ್ಳುತ್ತೇನೆ.

ಊಟದ ವಿಷಯದಲ್ಲಂತೂ ನನಗೆ ಜಂಬವೇ ಇತ್ತು. ರಂಜಾನ್ ತಿಂಗಳಲ್ಲಿ ಉಪವಾಸ ಇರುವವರಿಗೆ ಬೆಳಗಿನ ಜಾವದ ಊಟ ಎತ್ತಿಡಿಸುತ್ತಿದ್ದೆ. ಮಾದಪ್ಪನ ಹೆಸರಿನಲ್ಲಿ ಸೋಮವಾರ ಒಪ್ಪತ್ತು ಇರುವವರಿಗೆ ಬೆಳಗಿನದನ್ನು ಉಳಿಸಿ ಸಂಜೆ ಬಿಸಿಯಾಗಿ ಕೊಡಿಸುತ್ತಿದ್ದೆ. ಯಾರು ಏನು ತಿನ್ನುತ್ತಾರೆ, ಯಾವತ್ತು ತಿನ್ನುವುದಿಲ್ಲ ಎಂಬುದನ್ನು ಯಾವ ಪುಸ್ತಕವನ್ನೂ ನೋಡದೆ ಹೇಳಬಲ್ಲೆ ಎಂದುಕೊಂಡಿದ್ದೆ.

ಯಜಮಾನರು ಕಾಮಗೆರೆಗೂ ಹನೂರಿಗೂ ನಡುವಿನ ಒಂದು ಊರಿನವರು. ಎಪ್ಪತ್ತರ ಹತ್ತಿರದ ವಯಸ್ಸು, ಹಣೆಯ ತುಂಬ ವಿಭೂತಿಯ ಕಲೆ. ಬದುವಿನ ಜಗಳದಲ್ಲಿ ತಮ್ಮನ ಮಗನ ಭುಜಕ್ಕೆ ಗುದ್ದಲಿ ಕಾವಿನಿಂದ ಹೊಡೆದು ಬಂದಿದ್ದರು. ಯಳಂದೂರಿನ ಕಡೆಯ ನಮ್ಮ ಮನೆಯೂ ಅವರ ಮನೆಯಂಥದೇ. ಅದೇ ಶಿವನ ಒಕ್ಕಲು, ಅದೇ ವಿಭೂತಿ. ನಮ್ಮವರು ಎಂಬ ಸಣ್ಣ ಸಲಿಗೆ ಮನಸ್ಸಿನಲ್ಲಿತ್ತು. ಹಾಗಾಗಿಯೇ ಅವರು ತಟ್ಟೆ ಮುಟ್ಟದ ಕಾರಣ ನನಗೆ ತಟ್ಟನೆ ಹೊಳೆದುಬಿಟ್ಟಿತು.

ಅಡುಗೆ ಮಾಡುತ್ತಿದ್ದವನು ಹನೂರಿನ ಆಚೆಯ ಒಂದು ದಲಿತ ಕೇರಿಯವನು. ಕಾಡಿನಲ್ಲಿ ಮರ ಕಡಿದ ಕೇಸಿನಲ್ಲಿ ಆರು ತಿಂಗಳ ಶಿಕ್ಷೆಗೆ ಬಂದಿದ್ದ. ಗಂಟಿಲ್ಲದ ಮುದ್ದೆ, ಹದವಾದ ಸೊಪ್ಪಿನ ಸಾರು. ಅವನು ಬಂದ ಮೇಲೆ ಜೈಲಿನಲ್ಲಿ ಊಟದ ಜಗಳವೇ ನಿಂತಿತ್ತು.

ಮರುದಿನ ಬೆಳಿಗ್ಗೆಯೂ ತಟ್ಟೆ ತುಂಬಿಯೇ ಇದ್ದದ್ದು ಕಂಡು ನನ್ನ ಪಿತ್ತ ನೆತ್ತಿಗೇರಿತು. ಕಂಬಿಯ ಮುಂದೆ ನಿಂತು ಎಲ್ಲರಿಗೂ ಕೇಳುವಂತೆ ಕೂಗಿದೆ. "ಇಲ್ಲಿ ಜಾತಿಗೀತಿ ನಡಿಯಕಿಲ್ಲ ಯಜಮಾನ್ರೇ! ಎಲ್ಲಾರ್ಗೂ ಒಂದೇ ಒಲೆ. ಉಣ್ಣಂಗಿದ್ರೆ ಉಣ್ಣಿ, ಇಲ್ದಿದ್ರೆ ಬುಡಿ."

ಅವರು ಗೋಡೆಗೆ ಒರಗಿ ಎದೆಯ ಮೇಲೆ ಕೈಯಿಟ್ಟು ಕೂತಿದ್ದರು. ನನ್ನನ್ನು ನೋಡಿದರು, ಕಣ್ಣು ಮುಚ್ಚಿಕೊಂಡರು. ಆ ಮೌನವೇ ನನಗೆ ಸೊಕ್ಕಾಗಿ ಕಂಡಿತು.

ಸೂರ್ಯ ನೆತ್ತಿಗೆ ಬರುವಷ್ಟರಲ್ಲಿ ನನ್ನ ಕೋಪ ಇಳಿದು ಭಯ ಹತ್ತಿತು. ಅವರ ತುಟಿ ಒಡೆದಿತ್ತು. ಎದ್ದು ನಿಲ್ಲಲು ಹೋಗಿ ಕಂಬಿ ಹಿಡಿದುಕೊಂಡರು. ನೋಡಲು ಬಂದ ಡಾಕ್ಟರು ಅವರ ಚರ್ಮ ಎತ್ತಿ ಬಿಟ್ಟು, ನಾಲಿಗೆ ನೋಡಿ, ನನ್ನನ್ನು ಹೊರಗೆ ಕರೆದರು. "ನೀರೂ ಕುಡೀತಿಲ್ಲ ಅಂತ ಕಾಣುತ್ತೆ. ಈ ವಯಸ್ಸಿಗೆ ಕಿಡ್ನಿ ಕೈಕೊಟ್ಟರೆ ಉಳಿಸೋದು ಕಷ್ಟ. ನಾಳೆ ಬೆಳಿಗ್ಗೆಯೂ ಹೀಗೇ ಇದ್ದರೆ ಆಸ್ಪತ್ರೆಗೆ ಸಾಗಿಸಿ." ಡ್ರಿಪ್ ಹಾಕಲು ಹೋದರೆ ಯಜಮಾನರು ಕೈ ಕೊಡಲಿಲ್ಲ. ಉಸ್ತುವಾರಿ ನನ್ನದು. ಅವರು ಸತ್ತರೆ ಅವರ ಮನೆಯವರಿಗೆ ಏನೆಂದು ಹೇಳುವುದು, ಮೇಲಿನವರಿಗೆ ಏನೆಂದು ಬರೆಯುವುದು ಎಂದು ಲೆಕ್ಕ ಹಾಕತೊಡಗಿದೆ.

ಆ ಭಯದಲ್ಲಿ ನಾನು ಮಾಡಿದ್ದನ್ನು ಇವತ್ತಿಗೂ ನೆನೆಯಲು ಇಷ್ಟವಿಲ್ಲ. ಕ್ವಾರ್ಟರ್ಸಿಗೆ ಓಡಿ ಹೆಂಡತಿಯ ಕೈಯಲ್ಲಿ ಅನ್ನ, ಹುರುಳಿಕಾಳಿನ ಬಸ್ಸಾರು ಮಾಡಿಸಿದೆ. ಕ್ಯಾರಿಯರ್ ಹಿಡಿದು ಬಂದವನು ಮೊದಲು ಅಡುಗೆಮನೆಯ ಬಾಗಿಲಿಗೆ ಹೋದೆ. "ಲೇ, ಇವತ್ತಿಂದ ಯಜಮಾನ್ರ ಕೋಣೆ ಕಡೆ ಸುಳೀಬ್ಯಾಡ. ತಟ್ಟೆ, ಲೋಟ ಏನೂ ಮುಟ್ಬ್ಯಾಡ" ಎಂದೆ. ಅವನು ಸೌಟು ಹಿಡಿದು ನಿಂತಿದ್ದ. "ಆಯ್ತು ಸಾ" ಅಂದ. ಬೆಳಿಗ್ಗೆ ಜಾತಿ ನಡೆಯುವುದಿಲ್ಲ ಎಂದು ಕೂಗಿದ ಬಾಯಿಯೇ ಇದು.

ಕಂಬಿಯ ಮುಂದೆ ಕ್ಯಾರಿಯರ್ ಬಿಚ್ಚಿಟ್ಟೆ. "ನಮ್ಮನೆ ಅಡುಗೆ, ನಮ್ಮೋರೇ ಮಾಡಿರದು. ನೀರೂ ನಮ್ಮನೇದೇ. ಅವ್ನು ಮುಟ್ಟಿಲ್ಲ."

ಯಜಮಾನರು ಅನ್ನವನ್ನೂ ನೋಡಲಿಲ್ಲ, ನೀರನ್ನೂ ನೋಡಲಿಲ್ಲ. ತಲೆ ಅಲ್ಲಾಡಿಸಿದರು ಅಷ್ಟೆ.

ಮೂರನೆಯ ಬೆಳಿಗ್ಗೆ ಅವರಿಗೆ ಏಳಲಾಗಲಿಲ್ಲ. ಸಾಗಿಸಲು ಜೀಪಿಗೆ ಹೇಳಿಕಳಿಸಿ, ಅಂಗಳದಲ್ಲಿ ಅತ್ತಿಂದಿತ್ತ ತಿರುಗುತ್ತಿದ್ದೆ. ಆಗ ಅಡುಗೆಯವನು ದೂರದಲ್ಲೇ ನಿಂತು ಕೇಳಿದ.

"ಒಂದ್ ಮಾತು ಸಾ. ನಿನ್ನೆ ಬೆಳಿಗ್ಗೆ ಅವಯ್ಯನ್ನ ಕೊಳಾಯಿ ತಾವ್ಕೆ ಬುಟ್ರಲ್ಲ, ಬಾಯಿ ಮುಕ್ಕಳಿಸಿ ಉಗುದ್ರು. ಒಂದ್ ಗುಟುಕೂ ನುಂಗ್ನಿಲ್ಲ. ನಾನೇ ಕಂಡೆ."

"ಅದಕ್ಕೇನ್ಲಾ?"

"ನನ್ ಕೈಯಿಂದು ಬ್ಯಾಡ ಅನ್ನೋರಾಗಿದ್ರೆ ಕೊಳಾಯಿ ನೀರ ಕುಡೀಬೋದಿತ್ತಲ್ಲ ಸಾ? ನಿಮ್ಮನೆ ಅನ್ನ ಉಣ್ಬೋದಿತ್ತಲ್ಲ? ಇದು ನಂದಲ್ಲ ಸಾ, ಬ್ಯಾರೆ ಏನೋ. ಬಂದಾಗ್ನಿಂದ ಎದೆ ಮ್ಯಾಲೆ ಕೈ ಮಡಿಕಂಡೇ ಕುಂತವ್ರೆ, ಏನೋ ಕಳ್ಕಂಡೋರಂಗೆ."

ಅದು ಕೇಳಿದೊಡನೆ ನೆನಪಾಯಿತು. ಅವರು ಬಂದ ದಿನ ಬೆಳಿಗ್ಗೆ ಗೇಟಿನಲ್ಲಿ ಮೈ ತಪಾಸಣೆ ಮಾಡಿದವನು ನಾನೇ. ಎದೆಯ ಮೇಲೆ ಒತ್ತಿ ಹಿಡಿದಿದ್ದ ಅವರ ಕೈಯನ್ನು "ತೆಗೀರಿ" ಎಂದು ಸರಿಸಿದವನೂ ನಾನೇ. ಕೊರಳಲ್ಲಿ ಇಷ್ಟಲಿಂಗವಿಟ್ಟ ಬೆಳ್ಳಿ ಕರಡಿಗೆ, ಅದಕ್ಕೆ ದಾರ. ಒಳಗೆ ದಾರ ಬಿಡಬಾರದು, ಯಾರಾದರೂ ನೇಣು ಹಾಕಿಕೊಂಡರೆ ಎಂಬುದು ನಿಯಮ. "ಅದೊಂದ್ ಬ್ಯಾಡ ಕಣಪ್ಪಾ" ಎಂದಿದ್ದರು. ನಾನು ಕಿವಿಗೆ ಹಾಕಿಕೊಳ್ಳದೆ ಬಿಚ್ಚಿಸಿ, 'ಬೆಳ್ಳಿ ಕರಡಿಗೆ ಒಂದು, ದಾರ ಸಹಿತ' ಎಂದು ಬರೆದು ಬೀರುವಿನಲ್ಲಿ ಬೀಡಿಕಟ್ಟು, ಬೆಂಕಿಪೊಟ್ಟಣಗಳ ನಡುವೆ ಇಟ್ಟಿದ್ದೆ. ಬೇರೆಯವರೂ ಹಾಗೆ ಬಿಚ್ಚಿಕೊಟ್ಟು ಮರುಗಳಿಗೆಯೇ ಮುದ್ದೆ ನುಂಗಿದ್ದರು. ಇವರೂ ಅವರಂತೆಯೇ ಎಂದುಕೊಂಡಿದ್ದೆ.

ನನ್ನ ಅವ್ವ ಸ್ನಾನ ಮಾಡಿ, ಲಿಂಗವನ್ನು ಎಡಗೈಯಲ್ಲಿಟ್ಟು ಪೂಜಿಸದೆ ಹನಿ ನೀರು ಬಾಯಿಗೆ ಹಾಕಿದವಳಲ್ಲ. ಬಸ್ಸು ತಡವಾಗಿ ಸುಸ್ತಾದರೂ ದಾರಿಯಲ್ಲಿ ಕುಡಿಯುತ್ತಿರಲಿಲ್ಲ. ಅಂಥವಳ ಹೊಟ್ಟೆಯಲ್ಲಿ ಹುಟ್ಟಿದವನಿಗೆ ಹೊಳೆಯದ್ದು ದಲಿತ ಕೇರಿಯವನಿಗೆ ಹೊಳೆದಿತ್ತು.

ಬೀರು ತೆಗೆದು ಕರಡಿಗೆ ತಂದೆ. ಚಪ್ಪಲಿ ಬಿಟ್ಟು ಕೋಣೆಗೆ ಹೋಗಿ ಎರಡೂ ಕೈಯಲ್ಲಿ ಹಿಡಿದು ಕೊಟ್ಟೆ. ಯಜಮಾನರು ಕಣ್ಣಿಗೊತ್ತಿಕೊಂಡರು. ಮುಖ ಅಳುವವರಂತೆ ಕಿವುಚಿಕೊಂಡಿತು, ಆದರೆ ಕಣ್ಣಲ್ಲಿ ನೀರಿರಲಿಲ್ಲ.

"ಬಾಯ್ಬುಟ್ಟು ಕೇಳ್ಬಾರ್ದಿತ್ತಾ ಯಜಮಾನ್ರೇ?" ಅಂದೆ.

"ಕಿತ್ಕಳವಾಗ ಯೋಳಿದ್ನಲ್ಲಪ್ಪ. ಇನ್ನೇನ್ ಕೈಯೊಡ್ಡಿ ಬೇಡ್ಲಾ? ಅದ ಬೇಡಿ ಇಸ್ಕಳದಾ?" ಅಂದರು. ಧ್ವನಿ ಮರಳಿನ ಮೇಲೆ ಎಳೆದಂತಿತ್ತು. ದಾರವನ್ನು ತಾವೇ ಬಿಚ್ಚಿ ನನ್ನ ಕೈಗಿಟ್ಟರು. "ಇದ ನೀನೇ ಮಡಿಕ. ನಾನ್ ಟವಲ್ ತುದೀಲಿ ಗಂಟಾಕಿ ಎದೆಗೆ ಸುತ್ಕತೀನಿ."

ಆಗ ಕಂಡಿತು. ಮೊಳ ಉದ್ದದ ದಾರ ಕಿತ್ತುಕೊಂಡು, ಮೂರು ಮೊಳದ ಟವಲನ್ನು ಅವರ ಹೆಗಲ ಮೇಲೇ ಬಿಟ್ಟ ಬುದ್ಧಿವಂತ ನಾನು. ದಾರವನ್ನೂ ವಾಪಸ್ಸು ಕೊಟ್ಟೆ. ಸಾಹೇಬರು ಬಂದು ಕೇಳಿದರೆ ಕೇಳಲಿ ಎಂದುಕೊಂಡೆ.

ಕೊಳಾಯಿಯ ಕೆಳಗೆ ಅವರನ್ನು ಹಿಡಿದು ಕೂರಿಸಿ ನಾಲ್ಕು ಚೊಂಬು ನೀರು ಹುಯ್ದೆ. ಪೂಜೆ ಬೇಗ ಮುಗಿಯಲಿಲ್ಲ. ಎಡಗೈ ನಡುಗುತ್ತಿತ್ತು, ಬಲಗೈ ಅದನ್ನು ಆನಿಸಿಕೊಂಡಿತ್ತು. ಗೇಟಿನಲ್ಲಿ ಜೀಪು ಬಂದು ಹಾರ್ನ್ ಹೊಡೆಯಿತು. ಅವರು ಕುಸಿದುಬಿಟ್ಟರೆ ಎಂದು ನಾನು ಹಿಂದೆಯೇ ನಿಂತಿದ್ದೆ. ಕೊನೆಗೆ ಮೂರು ಗುಟುಕು ನೀರು ಗಂಟಲಿಗೆ ಇಳಿಯಿತು, ಆಮೇಲೆ ಮತ್ತೆ ಮೂರು. ಜೀಪನ್ನು ಸ್ವಲ್ಪ ಹೊತ್ತು ಕಾಯಲು ಹೇಳಿದೆ.

ಮೊದಲು ಗಂಜಿ ಕೊಟ್ಟೆವು. ಮಧ್ಯಾಹ್ನದ ಹೊತ್ತಿಗೆ ಅವರಾಗಿಯೇ ಮುದ್ದೆ ಕೇಳಿದರು. ನಮ್ಮ ಮನೆಯಿಂದ ತರಿಸಲೇ ಎಂದೆ. "ಇಲ್ಲಿ ಬೇಯ್ತಿರದೇ ತತ್ತಾ" ಅಂದರು. ತಟ್ಟೆಯನ್ನು ನಾನೇ ತಂದೆ. ಅರ್ಧ ಮುದ್ದೆ ಮುಗಿಸಿ ಅಡುಗೆಮನೆಯ ಕಡೆ ತಿರುಗಿ ಕರೆದರು. "ಇನ್ನೊಂದ್ ಚೂರು ಸಾರಿಕ್ಕು ಬಾಪ್ಪ."

ಅಡುಗೆಯವನು ಸಾರಿನ ಪಾತ್ರೆ ಹಿಡಿದು ಬಂದು ಕೋಣೆಯ ಹೊಸ್ತಿಲಿನ ಆಚೆಯೇ ನಿಂತ.

"ಅಲ್ಯಾಕ್ ನಿಂತ್ಕಂಡೆ? ಒಳಕ್ ಬಾ."

"ವಾರ್ಡರ್ ಸಾ ಬರ್ಬ್ಯಾಡ ಅಂದವ್ರೆ."

ಯಜಮಾನರು ಕೈಯಲ್ಲಿದ್ದ ತುತ್ತನ್ನು ತಟ್ಟೆಗಿಟ್ಟು ನನ್ನ ಕಡೆ ನೋಡಿದರು. "ಯಾಕಂತೆ?"

ನಿಮಗೋಸ್ಕರ ಎಂದು ಹೇಳಲು ಬಾಯಿ ತೆರೆದೆ. "ನಾನ್ ಅನ್ಕಂಡೆ, ನೀವು..." ಎಂದು ಅಲ್ಲಿಗೇ ನಿಲ್ಲಿಸಿದೆ.

"ಊರಲ್ಲಾಗಿದ್ರೆ ನಾನೂ ಬ್ಯಾಡ ಅಂತಿದ್ನೇನೋ" ಅಂದರು ಅವರು, ನಿಧಾನವಾಗಿ. "ಇಲ್ಲಿ ನಾನೆಲ್ಲಪ್ಪ ಅಂದೆ?"

ಅಡುಗೆಯವನು ನನ್ನ ಮುಖ ನೋಡಿದ. ಒಳಗೆ ಹೋಗು ಎಂದು ನಾನು ಹೇಳುವುದಕ್ಕೆ ಅವನು ಕಾಯಲಿಲ್ಲ. ಸಾರಿನ ಪಾತ್ರೆ ಹಿಡಿದೇ ಹೊಸ್ತಿಲು ದಾಟಲು ಕಾಲೆತ್ತಿದ. ಬಾಗಿಲಿಗೆ ಅಡ್ಡ ನಿಂತಿದ್ದವನು ನಾನೇ, ಪಕ್ಕಕ್ಕೆ ಸರಿದೆ.