ಗಂಗಕ್ಕನ ಹಳೇ ಕಂಪ್ಯೂಟರ್

ಗೆಳೆಯರೇ, ಇವತ್ತು ನೊಣವಿನಕೆರೆಯ ಗಂಗಕ್ಕನ ಕಂಪ್ಯೂಟರಿಗೆ ಹೊಸ ವಿಂಡೋಸ್ ಹಾಕಲು ಹೋಗಿದ್ದೆ. ಹಳೆಯದಕ್ಕೆ ಕಂಪನಿಯ ಬೆಂಬಲ ನಿಂತಿದೆ.

ಆನ್ ಮಾಡಿದ ಕೂಡಲೇ ಸ್ಪೀಕರಿನಿಂದ ಗಂಡಸಿನ ದನಿ: “ಬಂದೆ ಕಣೇ, ಎಳನೀರು ಕೊಡು.” ಹೋದ ವರ್ಷ ತೀರಿಕೊಂಡ ಗಂಗಕ್ಕನ ಯಜಮಾನರು, ಆನ್ ಮಾಡಿದಾಗಲೆಲ್ಲ ಕೇಳಲೆಂದು ತಮಾಷೆಗೆ ರೆಕಾರ್ಡ್ ಮಾಡಿಟ್ಟದ್ದಂತೆ.

“ಇರಿ, ತತ್ತೀನಿ” ಎಂದು ಅಡುಗೆಮನೆಯಿಂದ ಉತ್ತರ ಬಂತು. ಗಂಗಕ್ಕ ಎಳನೀರು ಕೆತ್ತಿ ತಂದು, ನನ್ನನ್ನು ದಾಟಿ, ಸ್ಕ್ರೀನ್ ಮುಂದಿಟ್ಟರು.

“ದನಿ ಕಾಪಿ ಮಾಡಿ ಹೊಸದಕ್ಕೆ ಹಾಕ್ತೀನಿ ಕಣಕ್ಕ.”

“ದನಿ ಬತ್ತದೆ ಕಣಪ್ಪ. ಅವರು ಬತ್ತಾರಾ?”

“ಗೊತ್ತಿಲ್ಲ” ಎಂದೆ. ಅದೇ ನಿಜ.

ಹಳೆಯದನ್ನೇ ಉಳಿಸಿ, ವೈರಸ್ ಬರದಿರಲೆಂದು ಇಂಟರ್ನೆಟ್ ವೈರ್ ಕಿತ್ತೆ. ಹೊರಡುವಾಗ ಗಂಗಕ್ಕನಿಗೆ “ಬತ್ತೀನಿ” ಎಂದವನು ಕಂಪ್ಯೂಟರಿಗೂ ಹೇಳಿ ಬಂದೆ. ಹೇಳದೆ ಬರಲು ಧೈರ್ಯ ಸಾಲಲಿಲ್ಲ.