ಕಾಪುವಿನ ಹಿತ್ತಾಳೆ ಪಿಸ್ತೂಲು

ಮಣಿಪಾಲದ ಒಂದು ಲ್ಯಾಬಿನಲ್ಲಿ ಕಟ್ಟು ಹಲ್ಲಿನ ಸೆಟ್ ಮಾಡುವುದು ನನ್ನ ಹೊಟ್ಟೆಪಾಡು. ಹಳೇ ಪಿಸ್ತೂಲು ಕೂಡಿಡುವುದು ನನ್ನ ಹುಚ್ಚು. ಸಂತೆಕಟ್ಟೆಯ ನಮ್ಮ ಮನೆಯ ಶೋಕೇಸಿನಲ್ಲಿ ಐದು ಪಿಸ್ತೂಲು, ಕೋವಿಮದ್ದು ತುಂಬಿಡುವ ಎರಡು ಕೊಂಬು, ಇಲಿ ತಿಂದ ಒಂದು ಚರ್ಮದ ಚೀಲ ಉಂಟು. ಎಲ್ಲದರ ನಳಿಗೆಯನ್ನೂ ಕಾನೂನು ಪ್ರಕಾರ ಮುಚ್ಚಿಸಿದ್ದೇನೆ. ಪಿಸ್ತೂಲುಗಳಿಗಿಂತ ಅವುಗಳ ಕಾಗದಪತ್ರವೇ ಭಾರ. ಒಂದು ಕಾಗೆಯೂ ಅವಕ್ಕೆ ಹೆದರುವುದಿಲ್ಲ, ಹೆಂಡತಿಯಂತೂ ಮೊದಲೇ ಹೆದರುವವಳಲ್ಲ.

ಎರಡು ವರ್ಷದ ಹಿಂದೆ ಕಾಪುವಿನಿಂದ ಫೋನು ಬಂತು. ಗಲ್ಫಿನಿಂದ ಬಂದ ಮೇಲೆ ಹಳೇ ಹಡಗಿನ ಸಾಮಾನಿನ ಅಂಗಡಿ ಇಟ್ಟುಕೊಂಡಿದ್ದ ಬ್ಯಾರಿ ಸಾಹುಕಾರರದ್ದು. "ನಿಮಗೆ ಬೇಕಾದಂಥದ್ದು ಒಂದು ಬಂದುಂಟು. ಬೇಗ ಬಂದು ಕೊಂಡುಹೋಗಿ, ಅಂಗಡಿಯಲ್ಲಿ ಇಟ್ಟುಕೊಳ್ಳಲು ನನಗೆ ಪೊಲೀಸರ ಹೆದರಿಕೆ."

ಹಿತ್ತಾಳೆಯ ದಪ್ಪ ನಳಿಗೆ, ಮರದ ಹಿಡಿ, ಹಿಡಿಯ ಪಕ್ಕದಲ್ಲಿ ಲಂಗರಿನ ಮುದ್ರೆ. ನನಗೆ ಅಂಗಡಿಯಲ್ಲೇ ಪ್ರೇಮವಾಯಿತು, ಕೊಂಡುಕೊಂಡೆ. ಸ್ಕೂಟರಿನಲ್ಲಿ ಉಡುಪಿ ಮುಟ್ಟುವುದರೊಳಗೆ ಅದರ ಕಪ್ತಾನನನ್ನು, ಅವನ ಗಡ್ಡವನ್ನು, ಅವನು ಮಾಡಿದ ನಾಲ್ಕು ಯುದ್ಧಗಳನ್ನು ಕಲ್ಪಿಸಿ ಮುಗಿಸಿದ್ದೆ. ಹೆಂಡತಿಗೂ ಹೇಳಿದೆ. ಅವಳು ಪಿಸ್ತೂಲನ್ನು ತಿರುಗಿಸಿ ನೋಡಿ, "ಹುಣಸೆಹುಳಿ ಹಾಕಿ ತಿಕ್ಕಿದರೆ ಒಳ್ಳೆ ಹೊಳೀತದೆ" ಅಂದಳು. ಕಿತ್ತುಕೊಂಡು ಹೊರಟೆ.

ಅದರ ಕಾಲ ತಿಳಿಯಲು ಹೋದದ್ದು ಬಜಗೋಳಿಗೆ. ಅಲ್ಲಿ ಲೈಸನ್ಸ್ ಇರುವ ಒಬ್ಬರು ಕೋವಿ ರಿಪೇರಿಯವರು, ಅಜೆಕಾರಿನ ಕಡೆಯ ಕೃಷಿಕರು ಹಂದಿ ಓಡಿಸುವ ಕೋವಿಗಳನ್ನು ಸರಿಮಾಡಿಕೊಡುವವರು. ಅವರು ಕನ್ನಡಕ ಏರಿಸಿ, ನಳಿಗೆಯೊಳಗೆ ಹೆಬ್ಬೆರಳು ತೂರಿಸಿದರು. ಬೆರಳು ಆರಾಮಾಗಿ ಒಳಗೆ ಹೋಯಿತು.

"ಇದು ಪಿಸ್ತೂಲೇ ಅಲ್ಲ ಮಾರಾಯ್ರೆ. ಹಡಗಿನವರು ಕಷ್ಟ ಬಂದಾಗ ಆಕಾಶಕ್ಕೆ ಬೆಂಕಿ ಬಿಡುವ ಸಾಮಾನು."

"ಯುದ್ಧದಲ್ಲಿ...?"

"ಯುದ್ಧ ಎಂತದ್ದೂ ಇಲ್ಲ. 'ಕಾಪಾಡಿ' ಅಂತ ಬೊಬ್ಬೆ ಹೊಡೆಯುವುದು, ಅಷ್ಟೆ. ಆದರೆ ನಳಿಗೆ ತೆರೆದೇ ಉಂಟು. ಮನೆಗೆ ಕೊಂಡುಹೋಗಬೇಡಿ, ಸೀದಾ ಸ್ಟೇಷನ್ನಿಗೆ ಹೋಗಿ."

ನನ್ನ ಕಪ್ತಾನ ಸಮುದ್ರವೇ ಇಲ್ಲದ ಬಜಗೋಳಿಯಲ್ಲಿ ಮುಳುಗಿಹೋದ.

ಕೊಂಡದ್ದು ಕಾಪುವಿನಲ್ಲಾದ್ದರಿಂದ ಕಾಪು ಸ್ಟೇಷನ್ನಿಗೇ ಹೋಗಿ, ದೂರು ಬರೆಯುವ ರೈಟರ್ ಮೇಜಿನ ಮೇಲೆ ಅದನ್ನು ಸುತ್ತಿದ್ದ ಬಟ್ಟೆ ಬಿಚ್ಚಿ ಇಟ್ಟೆ. ಇನ್‌ಸ್ಪೆಕ್ಟರು ಬಂದು ನಿಂತು ನೋಡುತ್ತಿದ್ದರು. ಬೆಂಚಿನ ಮೇಲೆ ಮೀನುಗಾರ ಅಜ್ಜ ಒಬ್ಬರು ಕೂತಿದ್ದರು, ಬಲೆ ಕಳವಾದ ದೂರು ಕೊಡಲು ಬಂದವರು. ಅವರು ಎದ್ದು ಬಂದು, "ಓ, ಇದಾ!" ಎಂದವರೇ ಅದನ್ನು ಎತ್ತಿ, ಕೈ ನೀಟ ಮಾಡಿ ಫ್ಯಾನಿಗೆ ಗುರಿಯಿಟ್ಟು ಕುದುರೆ ಎಳೆದರು.

ಇನ್‌ಸ್ಪೆಕ್ಟರು ಕಪಾಟಿನ ಹಿಂದೆ. ರೈಟರ್ ಮೇಜಿನ ಕೆಳಗೆ. ಐದು ಪಿಸ್ತೂಲುಗಳ ಧಣಿಯಾದ ನಾನು ನೀರಿನ ಕ್ಯಾನಿನ ಹಿಂದೆ. 'ಟಕ್' ಅಂತ ಒಂದು ಶಬ್ದ ಆಯಿತು. ಫ್ಯಾನು ತಿರುಗುತ್ತಲೇ ಇತ್ತು.

"ಎಂತ ಅಡಗಿದ್ದು ನೀವೆಲ್ಲ?" ಅಜ್ಜನಿಗೆ ನಿಜವಾಗಿಯೂ ಆಶ್ಚರ್ಯ. "ತೋಟೆ ಇಲ್ಲ ಅಲ್ವಾ ಇದರಲ್ಲಿ!"

ಇನ್‌ಸ್ಪೆಕ್ಟರು ಬೈಯಲು ಬಾಯಿ ತೆರೆದರು. ಅಷ್ಟರಲ್ಲಿ ಅಜ್ಜ ಹೇಳಲು ಸುರುಮಾಡಿಯಾಗಿತ್ತು. ಒಮ್ಮೆ ಇವರ ಬೋಟಿನ ಎಂಜಿನ್ ಕೆಟ್ಟು ಎರಡು ದಿನ ಕಡಲಲ್ಲಿ ತೇಲಿದರಂತೆ. ಇಂಥದ್ದೇ ಒಂದು ಇತ್ತು, ತೋಟೆ ಮೂರೇ. ಎರಡು ನೀರು ಕುಡಿದು ಕೆಟ್ಟಿದ್ದವು. ಮೂರನೆಯದು ಹತ್ತಿತು.

"ಕೆಂಪು ಬೆಳಕು ಮೇಲೆ ಹೋದದ್ದನ್ನು ನೋಡಿ ನನ್ನ ಅಣ್ಣ ಅತ್ತ ಸಾರ್. ಅಪ್ಪ ಸತ್ತಾಗಲೂ ಅವ ಅತ್ತವನಲ್ಲ."

ಇನ್‌ಸ್ಪೆಕ್ಟರು ಅಜ್ಜನಿಗೆ ಚಾ ತರಿಸಿದರು, ಬಲೆಯ ದೂರನ್ನು ತಾವೇ ಬರೆದುಕೊಂಡರು. ನನಗೆ ಮಾತ್ರ ಒಂದು ರಶೀದಿ, ನಾಲ್ಕು ತಿಂಗಳ ಅಲೆದಾಟ. ಕೊನೆಗೆ ನಳಿಗೆಗೆ ಸೀಸ ತುಂಬಿಸಿ, ಕಾಗದಪತ್ರ ಸಮೇತ ಅದನ್ನು ಮನೆಗೆ ತಂದೆ.

ಅಜ್ಜನಿಗೆ ಸುದ್ದಿ ಮುಟ್ಟಿಸಿದೆ. ಒಂದು ಆದಿತ್ಯವಾರ ಕಾಪುವಿನಿಂದ ಬಸ್ಸು ಹಿಡಿದು ಬಂದರು, ಕೈಯಲ್ಲಿ ಬಂಗುಡೆ ಮೀನಿನ ಚೀಲ. ನಳಿಗೆ ನೋಡಿ ಮುಖ ಕೆಂಪಾಯಿತು.

"ಬಾಯಿ ಮುಚ್ಚಿಸಿದ್ದೀರಾ ಇದರದ್ದು?"

"ಕಾನೂನು ಅಜ್ಜ."

ಅವರು ಊಟಕ್ಕೆ ಕೂತ ಮೇಲೂ ಬೈದರು, ಎರಡನೇ ಸಲ ಗಂಜಿ ಹಾಕಿಸಿಕೊಳ್ಳುವಾಗಲೂ ಬೈದರು. ನನ್ನ ಹೆಂಡತಿ ಮೊದಲಿನಿಂದ ಕೊನೆಯವರೆಗೆ ಅವರ ಪಕ್ಷ. ಆಮೇಲೆ ಉಳಿದ ಐದು ಪಿಸ್ತೂಲುಗಳ ಕಡೆ ಕೈ ತೋರಿಸಿ ಅಜ್ಜ ಕೇಳಿದರು: "ಇವು ಯಾರನ್ನು ಉಳಿಸಿದ್ದು?"

ನಾನು ಎದ್ದು ಅವರ ಬಟ್ಟಲಿಗೆ ಇನ್ನೊಂದು ಬಂಗುಡೆ ಹಾಕಿದೆ.