ಹೊಸದುರ್ಗದ ಬಸ್ಸಿನಲ್ಲಿ ಸಿಕ್ಕ ಅಣುಪಾಠ

ಜುಲೈ ಒಂಬತ್ತು, ಬುಧವಾರ. ಬೆಳಿಗ್ಗೆ 7.10ಕ್ಕೆ ಚಿತ್ರದುರ್ಗ ಬಿಟ್ಟೆ. ಮಧ್ಯಾಹ್ನ ಎರಡೂವರೆಗೆ ಹಿರಿಯೂರಿನ ಕಾಲೇಜೊಂದರಲ್ಲಿ ಭಾಷಣ ಸ್ಪರ್ಧೆ. ನನ್ನ ವಿಷಯ, ಮುಕ್ತ ವಿದ್ಯುತ್ ಮಾರುಕಟ್ಟೆಯಲ್ಲಿ ಹೊಸ ಅಣುಸ್ಥಾವರ. ಹೋದ ವರ್ಷ ತೀರ್ಪುಗಾರರ ಒಂದೇ ಪ್ರಶ್ನೆಗೆ ಬಾಯಿ ಕಟ್ಟಿ ವೇದಿಕೆ ಇಳಿದಿದ್ದೆ. ಈ ಸಲವೂ ಹನ್ನೊಂದು ಪುಟ ಟಿಪ್ಪಣಿಯಲ್ಲಿ ಒಂದಕ್ಕೆ ಉತ್ತರವಿರಲಿಲ್ಲ: ದರ ದಿನವಿಡೀ ಏರಿಳಿಯುವ ಪೇಟೆಯಲ್ಲಿ, ಬೇಕೆಂದಾಗ ನಿಲ್ಲಿಸಲಾಗದ ಸ್ಥಾವರವನ್ನು ಯಾವ ಧೈರ್ಯದ ಮೇಲೆ ಕಟ್ಟುವುದು?

ನೇರ ಹೋದರೆ ಒಂದು ಗಂಟೆಯ ದಾರಿ. ಗಾಳಿಯಂತ್ರ ಎಣಿಸಬೇಕೆಂದು ಹೊಳಲ್ಕೆರೆ, ಹೊಸದುರ್ಗ ಸುತ್ತಿಕೊಂಡು ಹೊರಟೆ. ಹೊಳಲ್ಕೆರೆವರೆಗೆ ಸರ್ಕಾರಿ ಬಸ್ಸು, ಹೆಂಗಸರಿಗೆ ಟಿಕೆಟ್ ಶೂನ್ಯ. ಅಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಹೊಸದುರ್ಗ ತಲುಪುವಷ್ಟರಲ್ಲಿ ಎಣಿಕೆ 64. ಆಷಾಢದ ಗಾಳಿಗೆ ಮೂರನ್ನು ಬಿಟ್ಟು ಎಲ್ಲವೂ ತಿರುಗುತ್ತಿದ್ದವು. ಗಾಳಿಯ ವಿದ್ಯುತ್ ಹೆಚ್ಚಾಗಿ ಪೇಟೆಯಲ್ಲಿ ದರ ಬೀಳುವುದು ಇಂಥ ದಿನಗಳಲ್ಲೇ.

ಹಿರಿಯೂರಿನ ಖಾಸಗಿ ಬಸ್ಸಿನಲ್ಲಿ ಪಕ್ಕಕ್ಕೆ ಬಂದು ಕೂತವರು ಕರಿಯಜ್ಜ, ಹೆಗಲ ಮೇಲೆ ಕಂಬಳಿ, ಕುರಿ ಕಾಯುವವರು. ನಾನು ಗೊಣಗಿಕೊಂಡು ಓದುವುದನ್ನು ನೋಡಿ, “ಏನವ್ವ, ಮಂತ್ರನಾ?” ಎಂದರು. ಪ್ರಶ್ನೆಯನ್ನು ಬಿಡಿಸಿ ಹೇಳಿದೆ.

“ಅಷ್ಟೇನಾ? ನನ್ನ ಕುರಿನೂ ಅಂಗೇ. ದುಡ್ಡು ಕಮ್ಮಿ ಅಂತ ರಾತ್ರಿ ಹಿಕ್ಕೆ ಹಾಕೋದು ಬಿಡ್ತಾವಾ?”

“ಗೊಬ್ಬರಕ್ಕೆ ಅಂತ ಹೊಲದಾಗೆ ಮಂದೆ ನಿಲ್ಲಿಸ್ತೀರಲ್ಲಜ್ಜ, ದಿನಾ ಚೌಕಾಸಿನಾ?”

“ಅಯ್ಯೋ ತಾಯಿ, ದಿನಾ ಸಂಜೆ ಬದಿನ ಮ್ಯಾಲೆ ನಿಂತು ಕೂಗಿದ್ರೆ ಮುಗೀತು ಕತೆ! ಇಡೀ ಹಂಗಾಮಿಗೆ ಇಷ್ಟು ರಾಗಿ, ಇಷ್ಟು ದುಡ್ಡು ಅಂತ ಮುಂಚೇನೇ ಮಾತಾಗ್ಬೇಕು. ಆ ಮಾತಿನ ಮ್ಯಾಲೇ ಮರಿ ಕೊಳ್ಳೋದು. ಈಗ ಅದಕ್ಕೇ ಹೊಂಟೀನಿ.”

“ಆಮೇಲೆ ಗೊಬ್ಬರ ಅಗ್ಗ ಆದ್ರೆ?”

“ಅಗ್ಗ ಆದ್ರೆ ಹೊಲದವ್ನು ಬೈಕಂತಾನೆ, ತುಟ್ಟಿ ಆದ್ರೆ ನಾನು ಬೈಕಂತೀನಿ. ಮಾತು ಮಾತೇ.”

ಮಾರಿಕಣಿವೆ ದಾಟಿದ ಮೇಲೆ ಅವರ ಸ್ಟಾಪು ಬಂತು. ಇಳಿಯುತ್ತ, “ಗೆದ್ರೆ ಅರ್ಧ ಬಹುಮಾನ ಕುರಿಗೆ ಕಣವ್ವ!” ಎಂದರು.

ತೀರ್ಪುಗಾರರು ಅದೇ ಪ್ರಶ್ನೆ ಕೇಳಿದರು. ಟಿಪ್ಪಣಿ ಮಡಿಸಿಟ್ಟು ಕುರಿಯಿಂದಲೇ ಶುರುಮಾಡಿದೆ. ಕಟ್ಟುವ ಮೊದಲೇ ಹಲವು ವರ್ಷಗಳ ದರದ ಒಪ್ಪಂದವಾಗಬೇಕು. ಪೇಟೆ ಬಿದ್ದಾಗ ಹೊರೆ ವಿದ್ಯುತ್ ಕೊಳ್ಳುವವರದು, ಅದನ್ನೂ ಜನರಿಗೆ ಮೊದಲೇ ಹೇಳಬೇಕು ಎಂದೆ. ಸಭೆ ನಕ್ಕಿತು, ತೀರ್ಪುಗಾರರು ಬರೆದುಕೊಂಡರು. ಬಂದದ್ದು ಮೂರನೆಯ ಬಹುಮಾನ. ಬಾಯಿ ಕಟ್ಟಲಿಲ್ಲವಲ್ಲ, ನನಗೆ ಅದೇ ಮೊದಲನೆಯದು.

5.40ರ ಬಸ್ಸಿನಲ್ಲಿ ಹೆದ್ದಾರಿ ಹಿಡಿದು ವಾಪಸಾದೆ. ದಾರಿ ಬದಿಯ ತೆಂಗಿನ ತೋಟದಲ್ಲಿ ಯಾರೋ ಸುತ್ತ ಬಲೆ ಕಟ್ಟಿ ಕುರಿ ಕೂಡಿಹಾಕುತ್ತಿದ್ದರು. ಕಿಟಕಿಯಿಂದಲೇ ಕೈ ಮುಗಿದೆ.

“ಯಾರವ್ವ, ನಿಮ್ಮೋರಾ?” ಎಂದರು ಪಕ್ಕದ ಹೆಂಗಸು.

“ಹೂನಮ್ಮ,” ಎಂದೆ, “ನಮ್ಮ ಮೇಷ್ಟ್ರ ಕಡೆಯೋರು.”